ಸಿಎಸ್‌ಆರ್ ಹಣವನ್ನು ಬೋರ್ಡ್ ಹೇಗೆ ನಡೆಸಬೇಕು

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಆ ಮಾತಿಗೆ ಸಿಎಸ್‌ಆರ್‌ನಷ್ಟು, ಅಂದರೆ ಕಾನೂನಿನಂತೆ ಕಂಪನಿ ಸಮಾಜದ ಕೆಲಸಕ್ಕೆ ತೆಗೆದಿಡಬೇಕಾದ ಹಣದಷ್ಟು, ಸುಲಭವಾಗಿ ಸಿಕ್ಕಿಬೀಳುವ ಖರ್ಚು ಕಂಪನಿಯಲ್ಲಿ ಇನ್ನೊಂದಿಲ್ಲ. ಹಣ ಷೇರುದಾರರದು, ತೀರ್ಮಾನ ನಿರ್ದೇಶಕರದು, ಕೆಲಸ ಯಾವುದೋ ಟ್ರಸ್ಟಿನದು. ಫಲ ಉಣ್ಣಬೇಕಾದವರು ಈ ಮೂವರಲ್ಲಿ ಯಾರೂ ಅಲ್ಲ. ಕೊಂಡ ಯಂತ್ರ ಓಡದಿದ್ದರೆ ಫ್ಯಾಕ್ಟರಿ ಮ್ಯಾನೇಜರ್ ಮರುದಿನವೇ ಫೋನ್ ಮಾಡುತ್ತಾರೆ. ಹಳ್ಳಿಗೆ ಕೊಟ್ಟ ನೀರಿನ ಘಟಕ ಕೆಟ್ಟು ನಿಂತರೆ ಆ ಸುದ್ದಿ ಬೋರ್ಡ್ ರೂಮಿಗೆ ಮುಟ್ಟುವುದೇ ಇಲ್ಲ. ದೂರು ತಾನಾಗಿ ಬರದ ಕಡೆ ಆಡಳಿತ ಎರಡು ಪಟ್ಟು ಬಿಗಿಯಾಗಿರಬೇಕು. ಕಾರ್ಪೊರೇಟ್ ಆಡಳಿತಕ್ಕೂ ಸಾಮಾಜಿಕ ಹೊಣೆಗಾರಿಕೆಗೂ ಇರುವ ನಂಟು ಇದೇ.

ನಂಟು ಕಡಿದರೆ ಏನಾಗುತ್ತದೆ ಎಂಬುದನ್ನು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ತೋರಿಸಿತು. 108 ಆಂಬ್ಯುಲೆನ್ಸ್ ಸೇವೆಯನ್ನು 2005ರಲ್ಲಿ ಶುರುಮಾಡಿದ ಇಎಂಆರ್‌ಐ ಹುಟ್ಟಿದ್ದು ಸತ್ಯಂ ಸ್ಥಾಪಕ ರಾಮಲಿಂಗ ರಾಜು ಅವರ ಕುಟುಂಬದ ಬೆಂಬಲದಿಂದ. ಆ ಸೇವೆ ನಿಜವಾಗಿಯೂ ಜೀವ ಉಳಿಸಿತು. 2008ರಲ್ಲಿ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಿಕ್ಕಿತ್ತು. ಅದೇ ಡಿಸೆಂಬರ್‌ನಲ್ಲಿ ರಾಜು ಕುಟುಂಬದ್ದೇ ಆದ ಮೇಟಾಸ್ ಕಂಪನಿಗಳನ್ನು ಕೊಳ್ಳಲು ಬೋರ್ಡ್ ಒಪ್ಪಿತು; ಹೂಡಿಕೆದಾರರು ಸಿಡಿದೆದ್ದ ಮೇಲೆ ಕೈಬಿಟ್ಟಿತು. 2009ರ ಜನವರಿ 7ರಂದು, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ರಾಜು ಪತ್ರ ಬರೆದು ಒಪ್ಪಿಕೊಂಡರು. ಒಳ್ಳೆಯ ಕೆಲಸ ಮಾಡುವ ಕಂಪನಿಯ ಲೆಕ್ಕವೂ ಒಳ್ಳೆಯದೇ ಇರುತ್ತದೆ ಎಂದು ನಂಬಲು ಕಾರಣವಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಮೊದಲು ಲೆಕ್ಕ

2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದೇ ಒಂದನ್ನು ಮುಟ್ಟಿದ್ದರೂ ಕಂಪನಿ ಇದರ ವ್ಯಾಪ್ತಿಗೆ ಬರುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಖರ್ಚು ಮಾಡಬೇಕು. ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಲು ಹಿಂದಿನ ಒಂದು ವರ್ಷ, ಮೊತ್ತದ ಲೆಕ್ಕಕ್ಕೆ ಹಿಂದಿನ ಮೂರು ವರ್ಷ. ಈ ಎರಡನ್ನು ಬೆರೆಸುವುದು ತೀರಾ ಸಾಮಾನ್ಯ ತಪ್ಪು.

ಇನ್ನೊಂದು ತಪ್ಪು, ಲಾಭ-ನಷ್ಟ ಪಟ್ಟಿಯ ಕೊನೆಯ ಸಾಲನ್ನು ನೇರವಾಗಿ ಎತ್ತಿಕೊಳ್ಳುವುದು. ಇಲ್ಲಿ ಬೇಕಾದ ಲಾಭ ಸೆಕ್ಷನ್ 198ರ ಪ್ರಕಾರ ಲೆಕ್ಕ ಹಾಕಿದ್ದು. ಅದರಲ್ಲಿ ಆದಾಯ ತೆರಿಗೆ ಕಳೆಯುವಂತಿಲ್ಲ. ಜಮೀನು ಮಾರಿ ಬಂದ ಬಂಡವಾಳ ಲಾಭ ಸೇರಿಸುವಂತಿಲ್ಲ. ವಿದೇಶಿ ಶಾಖೆಗಳ ಲಾಭವನ್ನೂ, ಸಿಎಸ್‌ಆರ್ ಪಾಲಿಸುತ್ತಿರುವ ಇನ್ನೊಂದು ಭಾರತೀಯ ಕಂಪನಿಯಿಂದ ಬಂದ ಡಿವಿಡೆಂಡನ್ನೂ ಹೊರಗಿಡಬೇಕು.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಸೆಕ್ಷನ್ 198ರ ಲಾಭ ಮೊದಲ ವರ್ಷ 18 ಕೋಟಿ, ಎರಡನೆಯದು 24, ಮೂರನೆಯದು 30. ಸರಾಸರಿ 24 ಕೋಟಿ, ನಾಲ್ಕನೇ ವರ್ಷದ ಸಿಎಸ್‌ಆರ್ 48 ಲಕ್ಷ. ಬಾಧ್ಯತೆ 50 ಲಕ್ಷ ಮೀರದ ಕಾರಣ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ಬೋರ್ಡೇ ಆ ಕೆಲಸ ಮಾಡಬಹುದು. ನಾಲ್ಕನೇ ವರ್ಷದ ಲಾಭ 36 ಕೋಟಿಯಾದರೆ ಸರಾಸರಿ 30ಕ್ಕೆ ಏರುತ್ತದೆ, ಐದನೇ ವರ್ಷದ ಬಾಧ್ಯತೆ 60 ಲಕ್ಷ. ಆಗ ಸಮಿತಿ ಕಡ್ಡಾಯ. ಬಾಧ್ಯತೆ 50 ಲಕ್ಷದೊಳಗಿದ್ದರೂ, ಖರ್ಚಾಗದ ಸಿಎಸ್‌ಆರ್ ಖಾತೆಯಲ್ಲಿ ಹಣ ಉಳಿದಿದ್ದರೆ ಸಮಿತಿ ಇರಲೇಬೇಕು ಎಂದು 2022ರ ತಿದ್ದುಪಡಿ ಹೇಳುತ್ತದೆ. ಹೀಗಾಗಿ ಏಪ್ರಿಲ್‌ನಲ್ಲೇ ಈ ಲೆಕ್ಕ ಹಾಕಿ ಮೊದಲ ಬೋರ್ಡ್ ಸಭೆಯ ಮುಂದಿಡಿ. ಜನವರಿಯಲ್ಲಿ ಎಚ್ಚೆತ್ತ ಕಂಪನಿ ಮಾರ್ಚ್‌ನಲ್ಲಿ ಕೈಗೆ ಸಿಕ್ಕ ಸಂಸ್ಥೆಗೆ ಚೆಕ್ ಬರೆಯುತ್ತದೆ. ಕೆಟ್ಟ ಯೋಜನೆಗಳು ಹುಟ್ಟುವುದೇ ಆಗ.

ಸಮಿತಿ ಮತ್ತು ಯೋಜನೆ

ಸಮಿತಿಯಲ್ಲಿ ಕನಿಷ್ಠ ಮೂವರು ನಿರ್ದೇಶಕರು, ಅವರಲ್ಲೊಬ್ಬರು ಸ್ವತಂತ್ರ ನಿರ್ದೇಶಕರು. ಸ್ವತಂತ್ರ ನಿರ್ದೇಶಕರ ಅಗತ್ಯವಿಲ್ಲದ ಕಂಪನಿಗೆ ಇಬ್ಬರು ಸಾಕು. ಇದು ಕಾನೂನಿನ ಅಳತೆ. ಅಧ್ಯಕ್ಷ ಸ್ಥಾನವನ್ನು ಪ್ರವರ್ತಕರ ಕುಟುಂಬದವರಿಗೆ ಕೊಡಬೇಡಿ ಎಂಬುದು ನಮ್ಮ ಸಲಹೆ. ಪ್ರವರ್ತಕರ ಊರಿನ ದೇವಸ್ಥಾನದ ಪಕ್ಕದ ಸಭಾಭವನಕ್ಕೆ ಹಣ ಕೇಳಿದಾಗ ‘ಇದು ಕಾಯ್ದೆಯ ಶೆಡ್ಯೂಲ್ 7ರಲ್ಲಿ, ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿಯಲ್ಲಿ, ಎಲ್ಲಿ ಬರುತ್ತದೆ?’ ಎಂದು ಕೇಳಬಲ್ಲ ಒಬ್ಬರಾದರೂ ಆ ಮೇಜಿನ ಸುತ್ತ ಇರಬೇಕು.

ಸಮಿತಿ ವಾರ್ಷಿಕ ಕ್ರಿಯಾ ಯೋಜನೆ ಸಿದ್ಧಪಡಿಸುತ್ತದೆ, ಬೋರ್ಡ್ ಅದನ್ನು ಒಪ್ಪುತ್ತದೆ. ಅದರಲ್ಲಿ ಯೋಜನೆಗಳ ಪಟ್ಟಿ, ಯಾರು ಹೇಗೆ ಮಾಡುತ್ತಾರೆ, ಹಣ ಯಾವಾಗ ಎಷ್ಟು ಬಿಡುಗಡೆಯಾಗುತ್ತದೆ, ಮೇಲ್ವಿಚಾರಣೆ ಹೇಗೆ ಎಂಬುದೆಲ್ಲ ಇರಬೇಕು. ವರ್ಷದ ನಡುವೆ ಬದಲಿಸಬಹುದು. ಸಮಿತಿಯ ಶಿಫಾರಸು ಬೇಕು, ಕಾರಣ ದಾಖಲಾಗಬೇಕು. ಸಮಿತಿಯ ಸದಸ್ಯರು, ನೀತಿ, ಬೋರ್ಡ್ ಒಪ್ಪಿದ ಯೋಜನೆಗಳು ಕಂಪನಿಯ ವೆಬ್‌ಸೈಟ್‌ನಲ್ಲಿ ಕಾಣಿಸಬೇಕು.

ಯಾವುದು ಸಿಎಸ್‌ಆರ್ ಅಲ್ಲ ಎಂಬುದನ್ನು ಸಮಿತಿ ಬಾಯಿಪಾಠ ಮಾಡಿಕೊಂಡಿರಲಿ. ಕಂಪನಿಯ ದಿನನಿತ್ಯದ ವ್ಯವಹಾರದ ಭಾಗವಾದದ್ದು, ಸಿಬ್ಬಂದಿಯ ಅನುಕೂಲಕ್ಕೆ ಮಾಡಿದ್ದು, ರಾಜಕೀಯ ಪಕ್ಷಕ್ಕೆ ಕೊಟ್ಟದ್ದು, ಹೆಸರು ಮೆರೆಸುವ ಪ್ರಾಯೋಜಕತ್ವ, ಬೇರೆ ಕಾನೂನಿನ ಪ್ರಕಾರ ಹೇಗೂ ಮಾಡಲೇಬೇಕಾದದ್ದು. ಕೊನೆಯದು ಬಹಳ ಮುಖ್ಯ. ತನ್ನದೇ ಕೊಳಚೆ ನೀರು ಸಂಸ್ಕರಿಸುವುದು ಕಾರ್ಖಾನೆಯ ಕರ್ತವ್ಯ. ಅದನ್ನು ‘ಪರಿಸರ ರಕ್ಷಣೆ’ ಎಂದು ಈ ಶೇ. 2ರಲ್ಲಿ ತೋರಿಸುವಂತಿಲ್ಲ. ಕಂಪನಿ ಲಾಭ ಗಳಿಸುವಾಗಲೇ ಹೇಗೆ ನಡೆದುಕೊಂಡಿತು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕಾಗಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022-23ರಿಂದ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು (ಬಿಆರ್‌ಎಸ್‌ಆರ್) ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಶಾಲೆಗೆ ಬಣ್ಣ ಬಳಿಸಿ ಗುತ್ತಿಗೆ ಕಾರ್ಮಿಕರ ಪಿಎಫ್ ಕಟ್ಟದಿರುವ ಕಂಪನಿ ಹೊಣೆಗಾರ ಕಂಪನಿಯಲ್ಲ.

ಸಂಸ್ಥೆ ಆರಿಸುವಾಗ

ಹಣ ಪಡೆಯುವ ಟ್ರಸ್ಟ್, ಸೊಸೈಟಿ ಅಥವಾ ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿ ಸಿಎಸ್‌ಆರ್-1 ಫಾರ್ಮ್ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಕಂಪನಿಯೇ ಕಟ್ಟಿದ ಸಂಸ್ಥೆಯಲ್ಲದಿದ್ದರೆ ಅಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ಆದರೆ ಈ ಸಂಖ್ಯೆ ಅರ್ಜಿ ಹಾಕಿದ್ದಕ್ಕೆ ಸಾಕ್ಷಿಯೇ ಹೊರತು ಯೋಗ್ಯತೆಗೆ ಸರ್ಟಿಫಿಕೇಟ್ ಅಲ್ಲ. ಮೂರು ವರ್ಷದ ಆಡಿಟ್ ಆದ ಲೆಕ್ಕ ತರಿಸಿ, ಟ್ರಸ್ಟಿಗಳ ಹೆಸರನ್ನು ನಿಮ್ಮ ನಿರ್ದೇಶಕರ ಸಂಬಂಧಿಕರ ಮತ್ತು ಪೂರೈಕೆದಾರರ ಪಟ್ಟಿಯೊಂದಿಗೆ ತಾಳೆ ನೋಡಿ, ಹಿಂದೆ ಮಾಡಿದ ಒಂದು ಕೆಲಸದ ಜಾಗಕ್ಕೆ ಹೇಳದೆ ಹೋಗಿ ಬನ್ನಿ.

ಹಣ ಕೊಟ್ಟಂತೆ ಮಾಡಿ ಕಮಿಷನ್ ಕಳೆದು ನಗದಾಗಿ ವಾಪಸ್ ಪಡೆಯುವುದು ಈ ಕ್ಷೇತ್ರದ ದೊಡ್ಡ ರೋಗ. ಅದರ ಗುರುತುಗಳು ಹೀಗಿರುತ್ತವೆ: ಸಂಸ್ಥೆಯ ವಾರ್ಷಿಕ ಆದಾಯ ಒಮ್ಮೆಲೇ ಹತ್ತು ಪಟ್ಟು ಏರಿರುತ್ತದೆ, ಹಣ ಬಂದ ವಾರದಲ್ಲೇ ಒಬ್ಬಿಬ್ಬರು ಗುತ್ತಿಗೆದಾರರಿಗೆ ಪೂರ್ತಿ ಹೋಗಿರುತ್ತದೆ, ಫೋಟೋಗಳಲ್ಲಿ ಒಂದೇ ಬ್ಯಾನರ್ ಬೇರೆ ಬೇರೆ ಊರಿನ ಹೆಸರಲ್ಲಿ ಕಾಣಿಸುತ್ತದೆ. ಪ್ರವರ್ತಕರೇ ಟ್ರಸ್ಟಿಗಳಾಗಿರುವ ಫೌಂಡೇಶನ್‌ಗೆ ಹಣ ಹೋಗುವುದು ತಪ್ಪಲ್ಲ. ಆದರೆ ಆ ನಿರ್ದೇಶಕರು ತಮ್ಮ ಆಸಕ್ತಿಯನ್ನು ಬಹಿರಂಗಪಡಿಸಬೇಕು, ಆ ವಿಷಯದ ಚರ್ಚೆ ಮತ್ತು ಮತದಿಂದ ಹೊರಗುಳಿಯಬೇಕು. ಕಂಪನಿಯ ಹಿಡಿತದಲ್ಲಿರುವ ಟ್ರಸ್ಟಿಗೆ ಹೋದ ಹಣ ಹಣಕಾಸು ಪಟ್ಟಿಯ ಟಿಪ್ಪಣಿಯಲ್ಲಿ ಕಾಣಿಸಬೇಕು.

ಒಂದು ನೀರಿನ ಘಟಕ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಶುದ್ಧ ಕುಡಿಯುವ ನೀರಿನ ಘಟಕ ಅಲ್ಲಿ ಕಂಪನಿಗಳ ನೆಚ್ಚಿನ ಯೋಜನೆ: ಬೇಗ ಮುಗಿಯುತ್ತದೆ, ಉದ್ಘಾಟನೆಯ ಫೋಟೋ ಚೆನ್ನಾಗಿ ಬರುತ್ತದೆ. ಎರಡು ವರ್ಷದ ಮೇಲೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ, ನಾಣ್ಯ ಹಾಕುವ ಪೆಟ್ಟಿಗೆಗೆ ತುಕ್ಕು. ಕಾರಣ ಯಂತ್ರದಲ್ಲಿ ಇರುವುದಿಲ್ಲ, ಒಪ್ಪಂದದಲ್ಲಿ ಇರುತ್ತದೆ. ನೀರು ಸೋಸುವ ಮೆಂಬ್ರೇನ್ ಸವೆದಾಗ ಬದಲಿಸುವವರು ಯಾರು, ಕರೆಂಟ್ ಬಿಲ್ ಪಂಚಾಯಿತಿ ಕಟ್ಟುತ್ತದೆಯೇ, ಆಪರೇಟರ್ ಸಂಬಳ ಎಲ್ಲಿಂದ, ಬೋರ್‌ವೆಲ್ ಬತ್ತಿದರೆ ಏನು, ಹೊರಬರುವ ಉಪ್ಪುನೀರು ಎಲ್ಲಿಗೆ. ಈ ಐದಕ್ಕೂ ಸಹಿ ಬಿದ್ದ ಉತ್ತರವಿಲ್ಲದೆ ಮೊದಲ ಕಂತು ಬಿಡಬೇಡಿ.

ಕಂತುಗಳನ್ನು ಹೀಗೆ ಕಟ್ಟಬಹುದು. ಒಪ್ಪಂದದ ದಿನ ಶೇ. 30, ಯಂತ್ರ ಕೂರಿಸಿದ ಮೇಲೆ ಶೇ. 40, ಮೂರು ತಿಂಗಳು ಓಡಿದ ಲಾಗ್‌ಬುಕ್ ನೋಡಿ ಶೇ. 20, ಪ್ರಯೋಗಾಲಯದ ನೀರಿನ ವರದಿ ಬಂದ ಮೇಲೆ ಉಳಿದ ಶೇ. 10. ವರದಿಯಲ್ಲಿ ಫ್ಲೋರೈಡ್ ಅಂಕಿಯನ್ನೇ ಕೇಳಿ. ಭಾರತೀಯ ಮಾನಕ 10500ರ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವಿಲ್ಲದಿದ್ದರೆ 1.5ರ ತನಕ ಸರಿ. ಅನೇಕ ಸಂಸ್ಥೆಗಳು ಟಿಡಿಎಸ್ ಮೀಟರಿನ ಫೋಟೋ ಕಳಿಸಿ ಕೈತೊಳೆದುಕೊಳ್ಳುತ್ತವೆ. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ. ಮಕ್ಕಳ ಹಲ್ಲು ಕಂದಾಗುವುದನ್ನು ತಡೆಯಲು ಕೊಟ್ಟ ಹಣಕ್ಕೆ ಆ ಫೋಟೋ ಲೆಕ್ಕವಾಗದು.

ಘಟಕದ ಒಡೆತನ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಗ್ರಾಮ ಪಂಚಾಯಿತಿಯಂಥ ಸಾರ್ವಜನಿಕ ಪ್ರಾಧಿಕಾರಕ್ಕೋ, ಫಲಾನುಭವಿಗಳ ಸ್ವಸಹಾಯ ಸಂಘಕ್ಕೋ, ಸಿಎಸ್‌ಆರ್ ನೋಂದಣಿ ಇರುವ ಟ್ರಸ್ಟಿಗೋ ಸೇರಬೇಕು. ಯೋಜನೆಯಿಂದ ಹೆಚ್ಚುವರಿ ಆದಾಯ ಬಂದರೆ ಅದು ಕಂಪನಿಯ ಲಾಭವಾಗದು. ಅದೇ ಯೋಜನೆಗೆ ಮರಳಿ ಹಾಕುವುದು ಸರಳ ದಾರಿ.

ಮಾರ್ಚ್ 31

ಸಂಸ್ಥೆಯ ಖಾತೆಗೆ ಹಣ ಹಾಕಿದರೆ ಖರ್ಚಾದಂತಲ್ಲ. ಸಂಸ್ಥೆ ಅದನ್ನು ಕೆಲಸಕ್ಕೆ ಬಳಸಿರಬೇಕು. ಮಾರ್ಚ್ ಕೊನೆಯಲ್ಲಿ ಆರ್‌ಟಿಜಿಎಸ್ ಮಾಡಿ ನಿರಾಳವಾಗುವವರು ಎಡವುವುದು ಇಲ್ಲೇ. ಉಳಿದ ಹಣ ಬಹುವರ್ಷದ ಯೋಜನೆಗೆ ಸೇರಿದ್ದಾದರೆ ಏಪ್ರಿಲ್ 30ರೊಳಗೆ ‘ಖರ್ಚಾಗದ ಸಿಎಸ್‌ಆರ್ ಖಾತೆ’ಗೆ ಹಾಕಿ ಮೂರು ಹಣಕಾಸು ವರ್ಷಗಳೊಳಗೆ ಬಳಸಬೇಕು. ಪ್ರತಿ ವರ್ಷಕ್ಕೂ ಬೇರೆ ಖಾತೆ. ಅಂಥ ಯೋಜನೆಯ ಹಣವಲ್ಲದಿದ್ದರೆ ಸೆಪ್ಟೆಂಬರ್ 30ರೊಳಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಂಥ ಶೆಡ್ಯೂಲ್ 7ರ ನಿಧಿಗೆ ಕಳಿಸಬೇಕು. ಮುಖ್ಯಮಂತ್ರಿ ಪರಿಹಾರ ನಿಧಿ ಆ ಪಟ್ಟಿಯಲ್ಲಿಲ್ಲ. ಯೋಜನೆ ಬಹುವರ್ಷದ್ದು ಎಂಬ ಬೋರ್ಡ್ ತೀರ್ಮಾನ ಮಾರ್ಚ್ 31ಕ್ಕೆ ಮೊದಲೇ ಕಾರಣ ಸಮೇತ ದಾಖಲಾಗಿರಲಿ.

ತಪ್ಪಿದರೆ ಕಂಪನಿಗೆ ವರ್ಗಾಯಿಸಬೇಕಿದ್ದ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು ದಂಡ. ಹೊಣೆಗಾರ ಅಧಿಕಾರಿಗೆ ಹತ್ತನೇ ಒಂದು ಭಾಗ ಅಥವಾ 2 ಲಕ್ಷ, ಯಾವುದು ಕಡಿಮೆಯೋ ಅದು. 20 ಲಕ್ಷ ವರ್ಗಾಯಿಸದಿದ್ದರೆ ಕಂಪನಿಗೆ 40 ಲಕ್ಷ, ಅಧಿಕಾರಿಗೆ 2 ಲಕ್ಷ. ಹೆಚ್ಚು ಖರ್ಚು ಮಾಡಿದ್ದರೆ ಬೋರ್ಡ್ ನಿರ್ಣಯದೊಂದಿಗೆ ಮುಂದಿನ ಮೂರು ವರ್ಷಗಳಲ್ಲಿ ಹೊಂದಿಸಿಕೊಳ್ಳಬಹುದು. ಕಂಪನಿಯ ಸಿಎಸ್‌ಆರ್ ಆಡಳಿತ ವೆಚ್ಚ ಒಟ್ಟು ಸಿಎಸ್‌ಆರ್ ಖರ್ಚಿನ ಶೇ. 5 ಮೀರಬಾರದು.

ಸರಾಸರಿ ಬಾಧ್ಯತೆ 10 ಕೋಟಿ ಅಥವಾ ಹೆಚ್ಚಿರುವ ಕಂಪನಿಗಳು, 1 ಕೋಟಿ ಅಥವಾ ಹೆಚ್ಚಿನ ವೆಚ್ಚದ, ಮುಗಿದು ವರ್ಷವಾದ ಯೋಜನೆಗಳಿಗೆ ಹೊರಗಿನ ಸಂಸ್ಥೆಯಿಂದ ಪರಿಣಾಮ ಅಧ್ಯಯನ ಮಾಡಿಸಬೇಕು. ಚಿಕ್ಕ ಕಂಪನಿಗೆ ಇದು ಕಡ್ಡಾಯವಲ್ಲ. ವರ್ಷಕ್ಕೊಮ್ಮೆ ಒಬ್ಬ ನಿರ್ದೇಶಕರು ಜಾಗಕ್ಕೆ ಹೋಗಿ ಬಂದರೆ ಮುಖ್ಯವಾದದ್ದು ತಿಳಿದುಬಿಡುತ್ತದೆ.

ಹಣ ಒಪ್ಪಿದ ಉದ್ದೇಶಕ್ಕೇ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು (ಸಿಎಫ್‌ಒ) ದೃಢೀಕರಿಸಬೇಕು. ಉಳಿದ ಹಣ ಸರಿಯಾದ ಕಡೆ ಹೋಯಿತೇ ಎಂದು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ 2020ರ ಕ್ಯಾರೋ ಆದೇಶದಡಿ ವರದಿ ಮಾಡುತ್ತಾರೆ. ಇವರಿಬ್ಬರ ಕೆಲಸವೂ ಸುಲಭವಾಗುವುದು ಬೋರ್ಡ್ ಸಭೆಯ ನಡಾವಳಿ ಸ್ಪಷ್ಟವಾಗಿದ್ದರೆ ಮಾತ್ರ. ‘ಸಿಎಸ್‌ಆರ್ ಚಟುವಟಿಕೆಗಳನ್ನು ಗಮನಿಸಲಾಯಿತು’ ಎಂಬ ಸಾಲಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ‘ನೀರಿನ ಘಟಕದ 12 ಲಕ್ಷದಲ್ಲಿ 8.4 ಲಕ್ಷ ಬಿಡುಗಡೆ, 7.9 ಲಕ್ಷಕ್ಕೆ ಬಿಲ್ ಬಂದಿದೆ. ಮೂರು ತಿಂಗಳ ಲಾಗ್‌ಬುಕ್ ಬಾಕಿ. ಅದು ಬರುವ ತನಕ ಮೂರನೇ ಕಂತು ತಡೆಹಿಡಿಯಲಾಗಿದೆ. ಟ್ರಸ್ಟಿಯೂ ಆಗಿರುವ ನಿರ್ದೇಶಕರು ಈ ವಿಷಯದಲ್ಲಿ ಭಾಗವಹಿಸಲಿಲ್ಲ.’