ಬಿಯರ್ ಬಕೆಟ್ಟಿನ ವಾಸನೆ ಬಿಡಿಸುವ ಕೆಲಸ

ಮನೆಯಲ್ಲಿ ಬಿಯರ್ ಮಾಡುವವರು ನಾಲ್ಕು ಜನ ಸೇರಿದರೆ ಮಾತೆಲ್ಲ ಮಾಲ್ಟು, ಹಾಪ್ಸು (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು), ಯೀಸ್ಟಿನದೇ. ಕೆಲಸ ಮಾತ್ರ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದು. ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ಇಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200 ಗ್ಯಾಲನ್ ತನಕ ತೆರಿಗೆಯಿಲ್ಲ. ಊರಲ್ಲಿರುವವರು ಇದನ್ನು ಓದಿ ಬಕೆಟ್ ಕೊಳ್ಳಲು ಹೊರಡಬೇಡಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿ ಕಾಯ್ದೆಯಡಿ ಅಪರಾಧ.

ಬಿಯರ್ ಹುದುಗಿಸಲು ನಾನು ಬಳಸುವುದು ಆರೂವರೆ ಗ್ಯಾಲನ್ನಿನ, ಅಂದರೆ ಸುಮಾರು 25 ಲೀಟರಿನ ಬಿಳಿ ಪ್ಲಾಸ್ಟಿಕ್ ಬಕೆಟ್. ಕೆಳಗೆ ಒಂದು ನಲ್ಲಿ, ಮೇಲೆ ಬಿಗಿ ಮುಚ್ಚಳ, ಮುಚ್ಚಳದಲ್ಲಿ ಗಾಳಿ ಹೋಗಲು ಏರ್‌ಲಾಕ್. ಗಾಜಿನ ದೊಡ್ಡ ಜಾಡಿಗೆ ವಾಸನೆ ಹಿಡಿಯುವುದಿಲ್ಲ, ನಿಜ. ಆದರೆ ಒದ್ದೆ ಕೈಯಲ್ಲಿ ಜಾರಿದರೆ ಆಸ್ಪತ್ರೆಯೇ ಗತಿ, ಬಿಸಿನೀರು ಸುರಿದರೆ ಸೀಳು ಬಿಡುತ್ತದೆ. ಸ್ಟೀಲಿನದು ಚೆನ್ನ, ಬೆಲೆ ಜಾಸ್ತಿ. ಹಾಗಾಗಿ ಪ್ಲಾಸ್ಟಿಕ್ಕು, ಹಾಗಾಗಿ ಈ ವಾಸನೆಯ ರಗಳೆ.

ಹೊಸಬರು ಸಾಮಾನ್ಯವಾಗಿ ಬಕೆಟ್ ನಾರಿದರೆ ಸ್ಯಾನಿಟೈಸರ್ ಜಾಸ್ತಿ ಹಾಕುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಸ್ಟಾರ್ ಸ್ಯಾನ್ ಥರದ್ದು ಕ್ರಿಮಿ ಕೊಲ್ಲುತ್ತದೆ, ಅದೂ ಮೊದಲೇ ತೊಳೆದು ಚೊಕ್ಕವಾಗಿರುವ ಮೈಯ ಮೇಲೆ ಮಾತ್ರ. ವಾಸನೆ ಕ್ರಿಮಿಯಲ್ಲ. ಹಾಪ್ಸಿನ ಎಣ್ಣೆ ಪ್ಲಾಸ್ಟಿಕ್ಕಿನ ಒಳಗೇ ಇಳಿದು ಕೂತಿರುತ್ತದೆ, ಇಂಗು ಇಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದರೂ ಇಂಗಿನ ಡಬ್ಬಿಯೇ ಆಗಿ ಉಳಿಯುತ್ತದಲ್ವಾ, ಹಾಗೆ. ಮೊದಲು ಕೊಳೆ ತೆಗೆಯಬೇಕು, ಆಮೇಲೆ ವಾಸನೆ. ಕ್ರಿಮಿ ಕೊಲ್ಲುವ ಕೆಲಸ ಮುಂದಿನ ಸಲ ಬಿಯರ್ ಹಾಕುವ ದಿನದ್ದು.

ಬಿಯರನ್ನು ಬಾಟಲಿಗೆ ಇಳಿಸಿದ ಕೂಡಲೇ ಬಕೆಟ್ ತೊಳೆಯಲು ಕೂರುತ್ತೇನೆ. ತಳದ ಯೀಸ್ಟಿನ ಗಸಿ ಹಸಿಯಾಗಿರುವಾಗ ಸುಮ್ನೆ ನೀರಿಗೇ ಹೋಗುತ್ತದೆ. ಒಣಗಿದರೆ ಅಂಟು. ಮೇಲ್ಗಡೆ, ನೊರೆ ಎದ್ದು ಇಳಿದ ಮಟ್ಟದಲ್ಲಿ, ಒಂದು ಕಂದು ಪಟ್ಟಿ ಕಟ್ಟಿರುತ್ತದೆ. ಅದನ್ನು ಉಜ್ಜಿ ತೆಗೆಯೋಣ ಅನ್ನಿಸುತ್ತದೆ. ಹಸಿರು ಸ್ಕ್ರಬ್ಬರ್ ಮುಟ್ಟಲೇಬೇಡಿ. ಅದು ಗೀಚಿದ ಸಣ್ಣ ಗೆರೆಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದರೆ ಸ್ಯಾನಿಟೈಸರ್ ಕೂಡ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಮೆತ್ತನೆ ಬಟ್ಟೆ ಸಾಕು, ಉಳಿದದ್ದು ನೆನೆಸುವುದರಿಂದ ಆಗಬೇಕು.

ನೆನೆಸಲು ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ ಬೇಕು. ಬಿಯರ್ ಸಾಮಾನಿನ ಅಂಗಡಿಯಲ್ಲಿ ಪಿಬಿಡಬ್ಲ್ಯು ಅಂತ ಸಿಗುತ್ತದೆ. ನಾನು ತರುವುದು ಬಟ್ಟೆ ಒಗೆಯುವ ಸಾಲಿನಲ್ಲಿರುವ ಆಕ್ಸಿಕ್ಲೀನ್ ಫ್ರೀ, ಸುವಾಸನೆ ಹಾಕದ್ದು. ಸುವಾಸನೆಯದ್ದು ತಂದರೆ ಒಂದು ವಾಸನೆ ಹೋಗಿ ಇನ್ನೊಂದು ಕೂರುತ್ತದೆ. ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕ. ನಲ್ಲಿಯಲ್ಲಿ ಬರುವಷ್ಟು ಬಿಸಿನೀರು ಅಂಚಿನ ತನಕ ತುಂಬಬೇಕು, ಆ ಕಂದು ಪಟ್ಟಿ ಮುಳುಗಬೇಕು. ಪುಡಿ ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಸೋಡಾ ಜಿಡ್ಡು ಬಿಡಿಸುತ್ತದೆ, ಪೆರಾಕ್ಸೈಡಿನಿಂದ ಹೊರಡುವ ಆಮ್ಲಜನಕ ಬಣ್ಣ, ವಾಸನೆ ಎರಡನ್ನೂ ಮುರಿಯುತ್ತದೆ. ಗುಳ್ಳೆ ಏಳುತ್ತಲೇ ಇರುತ್ತದೆ, ಆದ್ದರಿಂದ ಮುಚ್ಚಳ ಬಿಗಿಯಬೇಡಿ, ಸುಮ್ನೆ ಮೇಲಿಡಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬಟ್ಟೆ ಸೋಕಿದರೆ ಸಾಕು, ಆ ಕಂದು ಪಟ್ಟಿ ಬಂದುಬಿಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ನೀರು ಕ್ಷಾರ.

ಆಮೇಲೆ ಜಾರು ಹೋಗುವ ತನಕ ತೊಳೆಯುವುದು. ಇಲ್ಲಿಯ ನೀರು ವಿಪರೀತ ಗಡಸು, ಒಣಗಿದ ಮೇಲೆ ಒಳಗೆಲ್ಲ ಬಿಳಿ ಪುಡಿ ಹಿಡಿಯುತ್ತದೆ. ಅದು ಕೊಳೆಯಲ್ಲ, ಸುಣ್ಣ. ಇಂಡಿಯನ್ ಸ್ಟೋರಿನಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದೆರಡು ಚಮಚ ಕರಗಿಸಿ ಆಡಿಸಿದರೆ ಹೋಯಿತು.

ಇಷ್ಟಾದ ಮೇಲೂ ವಾಸನೆ ಬಂದರೆ ಬಕೆಟ್ಟನ್ನು ಬಿಟ್ಟು ನಲ್ಲಿಯನ್ನು ನೋಡಿ. ನಲ್ಲಿ ಒಂದೇ ತುಂಡಿನಂತೆ ಕಾಣುತ್ತದೆ, ಆದರೆ ಬಹಳಷ್ಟು ಎರಡು ತುಂಡಿನವು. ಬಿಸಿನೀರಲ್ಲಿ ಹತ್ತು ನಿಮಿಷ ಹಾಕಿ, ಮರದ ಸೌಟಿನ ಹಿಡಿಯಿಂದ ಕೆಳಗಿನಿಂದ ಒತ್ತಿದರೆ ಒಳಗಿನ ತಿರುಗುವ ಕೊಳವೆ ಟಕ್ ಅಂತ ಹೊರಗೆ ಬರುತ್ತದೆ. ಅದರ ಮೈಗೆ ಕಂದು ಲೋಳೆ ಮೆತ್ತಿರುತ್ತದೆ, ಬೆರಳಿಗೆ ಹತ್ತಿದರೆ ಹುಳಿ ಹುಳಿ ನಾತ. ಬಕೆಟ್ಟಿನದ್ದು ಅಂದುಕೊಂಡ ವಾಸನೆಯಲ್ಲಿ ಅರ್ಧ ಇಲ್ಲಿಯದು. ಮುಚ್ಚಳದ ಒಳಸುತ್ತಿನ ರಬ್ಬರ್ ಉಂಗುರ, ಏರ್‌ಲಾಕ್ ಕೂರುವ ರಬ್ಬರ್ ಬಿಲ್ಲೆ ಕೂಡ ಹಾಗೇ. ಅವನ್ನು ಬಿಚ್ಚಿ ಅದೇ ನೀರಲ್ಲಿ ನೆನೆಸುತ್ತೇನೆ. ನಾರುವುದು ನಿಲ್ಲದಿದ್ದರೆ ಹೊಸದು ಹಾಕುತ್ತೇನೆ, ಒಂದೆರಡು ಡಾಲರಿನ ವಸ್ತುವಿಗೆ ಯಾಕೆ ಒದ್ದಾಟ?

ಕಾಫಿಪುಡಿ ಇಡಿ, ವೆನಿಲ್ಲಾ ಹಚ್ಚಿ ಅಂತ ಹೇಳುವವರಿದ್ದಾರೆ. ಅದು ಮುಚ್ಚುತ್ತದೆ, ಬಿಡಿಸುವುದಿಲ್ಲ. ಕ್ಲೋರಿನ್ ಬ್ಲೀಚ್ ಕೆಲಸ ಮಾಡುತ್ತದೆ, ಆದರೆ ಸ್ವಲ್ಪ ಉಳಿದರೂ ಬಿಯರಿಗೆ ಬ್ಯಾಂಡೇಜಿನ ಔಷಧಿ ರುಚಿ ಬರುತ್ತದೆ. ವಿನೆಗರಿನ ಜೊತೆಗೋ ನಿಂಬೆ ಉಪ್ಪಿನ ಜೊತೆಗೋ ಸೇರಿಸಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಬಚ್ಚಲಿನ ಆಚೆ ಪ್ರವೇಶವಿಲ್ಲ. ಗಾಳಿ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಮುಚ್ಚಳ ತೆಗೆದು ನೆರಳಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗೆ ಇಳಿದದ್ದು ನಿಧಾನಕ್ಕೆ ಹೊರಗೆ ಬರುತ್ತದೆ. ಇಲ್ಲಿಯ ಬಿಸಿಲಿಗೆ ಒಂದು ಮಧ್ಯಾಹ್ನ ಇಟ್ಟರೂ ಸಾಕಷ್ಟು ಹೋಗುತ್ತದೆ, ದಿನವೂ ಇಟ್ಟರೆ ಪ್ಲಾಸ್ಟಿಕ್ ಪೆಡಸಾಗುತ್ತದೆ.

ವಾಸನೆ ಹೋಯಿತೋ ಇಲ್ಲವೋ ನೋಡಲು ನನ್ನ ಮೂಗನ್ನು ನಂಬುವುದಿಲ್ಲ, ಅದಕ್ಕೆ ಎಲ್ಲ ಅಭ್ಯಾಸವಾಗಿದೆ. ಬಕೆಟ್ಟಿಗೆ ಎರಡು ಲೀಟರ್ ಉಗುರುಬೆಚ್ಚಗಿನ ನೀರು ಹಾಕಿ ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಆ ನೀರನ್ನು ಲೋಟಕ್ಕೆ ತೆಗೆದು ಮೂಸಿ ನೋಡಲು ಹೆಂಡತಿಗೆ ಕೊಡುತ್ತೇನೆ. ಬಕೆಟ್ ಸ್ವಲ್ಪ ನಾರಿದರೂ ನೀರು ನಾರದಿದ್ದರೆ ಮುಂದಿನ ಬಿಯರಿಗೆ ತೊಂದರೆಯಿಲ್ಲ. ಹಾಪ್ಸಿನ ಮಂದ ವಾಸನೆ ಇದ್ದರೂ ನಡೆಯುತ್ತದೆ. ನೀರಿಗೆ ವಿನೆಗರಿನ ಹುಳಿಯೋ ಸುಟ್ಟ ಪ್ಲಾಸ್ಟಿಕ್ಕಿನಂಥದ್ದೋ ಬಂದರೆ ಆ ಬಕೆಟ್ಟಿಗೆ ಬಿಯರ್ ಹಾಕುವುದು ನಿಲ್ಲಿಸುತ್ತೇನೆ. ಅಂಥ ಒಂದರಲ್ಲಿ ಹಿತ್ತಲಿನ ಕರಿಬೇವಿನ ಗಿಡವಿದೆ. ಚೆನ್ನಾಗಿರುವ ಇನ್ನೊಂದನ್ನು ಹುಳಿಪುಡಿ ತುಂಬಲು ಹೆಂಡತಿ ಕೇಳಿದಳು, ಕೊಡಲಿಲ್ಲ. ಒಮ್ಮೆ ಹುಳಿಪುಡಿ ಹೋದ ಬಕೆಟ್ ವಾಪಸ್ ಬಿಯರಿಗೆ ಬರುವುದುಂಟೇ?

ಬಿಯರ್ ಹಾಕುವ ದಿನ 19 ಲೀಟರ್ ನೀರಿಗೆ 30 ಮಿಲಿ ಸ್ಟಾರ್ ಸ್ಯಾನ್, ಒಂದೆರಡು ನಿಮಿಷ ಎಲ್ಲ ಕಡೆ ಒದ್ದೆಯಾಗುವಂತೆ ಆಡಿಸಿ ಚೆಲ್ಲಿದರೆ ಮುಗಿಯಿತು. ನೊರೆ ಉಳಿದರೆ ತೊಳೆಯಬೇಕಿಲ್ಲ. ಗಡಸು ನೀರಲ್ಲಿ ಅದು ಬೇಗ ಹಾಲಿನಂತಾಗುತ್ತದೆ, ಅದಕ್ಕೇ ಫಿಲ್ಟರ್ ನೀರು ಬಳಸುತ್ತೇನೆ. ಖಾಲಿ ಇದ್ದಾಗ ಬಕೆಟ್‌ಗಳನ್ನು ಒಂದರೊಳಗೊಂದು ತೂರಿಸಿ ಇಡುವುದಿಲ್ಲ, ತೆಗೆಯುವಾಗ ಒಳಮೈ ಗೀಚುತ್ತದೆ. ನಲ್ಲಿ ಬಿಚ್ಚಿ, ಮುಚ್ಚಳ ಪಕ್ಕಕ್ಕೆ ಒರಗಿಸಿ, ಗ್ಯಾರೇಜಿನ ಕಪಾಟಿನ ಮೇಲೆ ಬೋರಲು ಹಾಕದೆ ನೆಟ್ಟಗೇ ಇಡುತ್ತೇನೆ.