ವೆನಿಸ್‌ನಲ್ಲಿ ಕೈ ಸುಟ್ಕೊಳ್ಳದೆ ಹೊಟ್ಟೆ ತುಂಬಿಸ್ಕೊಂಡಿದ್ದು ಹೇಗೆ – ನನ್ನ ಅನುಭವ

ವೆನಿಸ್‌ಗೆ ಹೊರಡೋ ಮುಂಚೆ ಹೋಗಿ ಬಂದೋರೆಲ್ಲ ಹೇಳಿದ್ದು ಒಂದೇ, ಅಲ್ಲಿ ಊಟ ವಿಪರೀತ ದುಬಾರಿ, ದುಡ್ಡು ಕೊಟ್ರೂ ರುಚಿ ಇರಲ್ಲ, ಬ್ರೆಡ್ಡು ಹಣ್ಣು ತಿಂದ್ಕೊಂಡು ದಿನ ದೂಡ್ಬಿಡಿ ಅಂತ. ನಾನೂ ನನ್ನ ಗಂಡನೂ ಆರು ದಿನ ಅಲ್ಲಿದ್ವಿ. ನಾನು ಸಸ್ಯಾಹಾರಿ, ಅವ್ರು ಮೀನು ತಿಂತಾರೆ. ಮೊದಲ್ನೇ ರಾತ್ರಿ ಆ ಮಾತು ನೂರಕ್ಕೆ ನೂರು ನಿಜ ಅನ್ನಿಸ್ತು, ಮೂರನೇ ದಿನದ ಹೊತ್ತಿಗೆ ಅಲ್ಲ ಅಂತ ಗೊತ್ತಾಯ್ತು. ನಡುವೆ ಏನಾಯ್ತು ಅನ್ನೋದನ್ನ ಬರೀತೀನಿ, ಹೋಗೋರಿಗೆ ಉಪಯೋಗ ಆಗ್ಲಿ.

ಮೊದಲ್ನೇ ರಾತ್ರಿ ಸ್ಯಾನ್ ಮಾರ್ಕೊ ಚೌಕದ ಹಿಂದಿನ ಗಲ್ಲೀಲಿ ಸುಸ್ತಾಗಿ ನಡೀತಿದ್ವಿ, ಬಾಗಿಲಲ್ಲಿ ನಿಂತಿದ್ದೋರು ಬನ್ನಿ ಬನ್ನಿ ಅಂತ ಕರೆದ್ರು, ಫೋಟೋ ಇರೋ ಮೆನು, ಐದು ಭಾಷೇಲಿ ಬರ್ದಿದ್ದು, ಪಾಸ್ತಾ 17 ಯೂರೋ ಅಂತ ಇತ್ತು, ಸರಿ ಇಲ್ಲೇ ಕೂರೋಣ ಅಂತ ಕೂತ್ವಿ. ಎರಡು ಪಾಸ್ತಾ 34, ಒಂದು ಸಲಾಡ್ 9. ನಮ್ಮ ಲೆಕ್ಕದಲ್ಲಿ 43 ಯೂರೋ. ಬಿಲ್ ಬಂದಿದ್ದು 62 ಯೂರೋ 72 ಸೆಂಟ್. ಆ ರಾತ್ರಿ ರೂಮಲ್ಲಿ ಆ ಬಿಲ್ ಹರಡ್ಕೊಂಡು ಸಾಲು ಸಾಲು ಓದ್ದೆ. ನೀರಿನ ಬಾಟಲಿ 5. ಕೊಪೆರ್ತೊ ಅಂತ ತಲೆಗೆ 4ರ ಹಾಗೆ 8. ಅಲ್ಲಿಗೆ 56 ಆಯ್ತು, ಅದರ ಮೇಲೆ ಸೆರ್ವಿತ್ಸಿಯೊ, ಅಂದ್ರೆ ಸರ್ವಿಸ್ ಚಾರ್ಜ್ ಅಂತ ಶೇಕಡಾ 12, ಅಂದ್ರೆ 6.72. ಮೋಸ ಏನೂ ಆಗಿರ್ಲಿಲ್ಲ, ಇದೆಲ್ಲಾ ಮೆನುವಿನ ಕೊನೇಲಿ ಸಣ್ಣ ಅಕ್ಷರದಲ್ಲಿ ಇತ್ತು, ನಾವು ನೋಡಿರ್ಲಿಲ್ಲ ಅಷ್ಟೇ.

ಆ ಬಿಲ್ಲೇ ನಂಗೆ ಪಾಠ ಹೇಳ್ತು ಅನ್ಬೇಕು. ಕೊಪೆರ್ತೊ ಅಂದ್ರೆ ಟೇಬಲ್ ಹಾಸಿ ಬ್ರೆಡ್ ಇಟ್ಟಿದ್ದಕ್ಕೆ ತಲೆಗಿಷ್ಟು ಅಂತ ತಗೊಳ್ಳೋ ದುಡ್ಡು, ಬ್ರೆಡ್ ಮುಟ್ಟದಿದ್ರೂ ಕೊಡ್ಬೇಕು. ನಾವು ಕೊಟ್ಟ 62ರಲ್ಲಿ ಹತ್ತತ್ರ 20 ಯೂರೋ ಊಟಕ್ಕೆ ಹೋಗೇ ಇರ್ಲಿಲ್ಲ, ನೀರಿಗೂ ಕೂತಿದ್ದಕ್ಕೂ ಹೋಗಿತ್ತು. ಅಲ್ಲಿಂದ ನಾನು ಅಗ್ಗದ ಊಟ ಎಲ್ಲಿ ಸಿಗುತ್ತೆ ಅಂತ ಹುಡುಕೋದು ಬಿಟ್ಟೆ, ಕೂತಿದ್ದಕ್ಕೆ ದುಡ್ಡು ತಗೊಳ್ಳದ ಜಾಗ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡ್ದೆ. ಹಾಗೆ ಹುಡುಕಿದ್ರೆ ಆ ಊರೇ ಬೇರೆ ಥರ ಕಾಣ್ಸುತ್ತೆ.

ಮಾರನೇ ದಿನ ಬೆಳಿಗ್ಗೆ ಕಾಫಿಯಿಂದಲೇ ಶುರು ಮಾಡಿದ್ವಿ. ಇಟಲೀಲಿ ಬಾರ್ ಅಂದ್ರೆ ಕಾಫಿ ಕುಡಿಯೋ ಜಾಗ ಕೂಡ, ಅಲ್ಲಿ ಎರಡು ರೇಟು ಇರುತ್ತೆ, ಅಲ್ ಬಾಂಕೊ ಅಂದ್ರೆ ಕೌಂಟರಲ್ಲಿ ನಿಂತು ಕುಡಿಯೋದು, ಅಲ್ ತಾವೊಲೊ ಅಂದ್ರೆ ಕೂತು ಕುಡಿಯೋದು. ಬೆಲೆಪಟ್ಟಿ ಸಾಮಾನ್ಯವಾಗಿ ಕ್ಯಾಷ್ ಹತ್ರನೇ ಗೋಡೆ ಮೇಲೆ ಇರುತ್ತೆ. ನಿಂತ್ಕೊಂಡ್ರೆ ಎಸ್ಪ್ರೆಸ್ಸೊ ಒಂದೂವರೆ ಯೂರೋ ಒಳಗೇ ಸಿಕ್ತು, ಅದೇ ಕಪ್ಪು ಅದೇ ಕಾಫಿ ಸ್ಯಾನ್ ಮಾರ್ಕೊ ಚೌಕದ ಹೊರಗಿನ ಕುರ್ಚೀಲಿ ಕೂತ್ರೆ ಎಷ್ಟೋ ಪಟ್ಟು ಜಾಸ್ತಿ, ವಾದ್ಯದೋರು ನುಡಿಸ್ತಾ ಇದ್ರೆ ಸಂಗೀತಕ್ಕೂ ಬೇರೆ ದುಡ್ಡು ಸೇರ್ಸ್ತಾರೆ. ಆ ಚೌಕದ ಫ್ಲೋರಿಯನ್ ಕೆಫೆ 1720ರಿಂದ ನಡೀತಾ ಇದೆ, ಆ ಹಳೇ ಕೋಣೆಗಳಲ್ಲಿ ಒಂದ್ಸಲ ಕೂರ್ಬೇಕು ಅನ್ನೋ ಆಸೆ ಇದ್ರೆ ಖಂಡಿತ ಕೂತ್ಕೊಳ್ಳಿ, ತಪ್ಪೇನಿಲ್ಲ, ಕಾಫಿಗಲ್ಲ ಆ ಜಾಗಕ್ಕೆ ಕೊಡ್ತಿದೀನಿ ಅಂತ ಗೊತ್ತಿದ್ದು ಕೊಡಿ.

ಈಗ ಮುಖ್ಯವಾದ ವಿಷ್ಯ, ಬಾಕರೊ. ವೆನಿಸ್‌ನ ಜನ ತಾವೇ ಹೋಗೋ ಸಣ್ಣ ವೈನ್ ಅಂಗಡಿಗಳಿಗೆ ಬಾಕರೊ ಅಂತಾರೆ. ಕೌಂಟರ್ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಚಿಕೆಟ್ಟಿ ಅನ್ನೋ ಸಣ್ಣ ಸಣ್ಣ ತಿಂಡಿಗಳು ಸಾಲಾಗಿ ಜೋಡ್ಸಿರ್ತಾರೆ, ಬೆರಳು ಮಾಡಿ ತೋರ್ಸಿದ್ರೆ ಸಾಕು, ಪ್ಲೇಟಿಗೆ ಹಾಕಿ ಕೊಡ್ತಾರೆ. ಒಂದೊಂದಕ್ಕೆ ಒಂದೂವರೆಯಿಂದ ಮೂರು ಯೂರೋ. ಜೊತೆಗೆ ಓಂಬ್ರಾ ಅಂತ ಒಂದು ಪುಟ್ಟ ಗ್ಲಾಸ್ ವೈನ್. ಓಂಬ್ರಾ ಅಂದ್ರೆ ನೆರಳು, ಹಿಂದೆ ಸ್ಯಾನ್ ಮಾರ್ಕೊ ಗಂಟೆಗೋಪುರದ ನೆರಳು ಸರಿದ ಹಾಗೇ ವೈನ್ ಮಾರೋರೂ ಗಾಡಿ ಸರಿಸ್ಕೊಂಡು ಹೋಗ್ತಿದ್ರು, ಅದಕ್ಕೇ ಆ ಹೆಸರು ಅಂತ ಅಲ್ಲಿಯವರು ಹೇಳ್ತಾರೆ. ಕುಡಿಯದೇ ಇರೋರು ನೀರೋ ಜ್ಯೂಸೋ ತಗೊಂಡ್ರೂ ಯಾರೂ ಏನೂ ಅನ್ನಲ್ಲ.

ನಾವು ಮೊದ್ಲು ಹೊಕ್ಕಿದ್ದು ರಿಯಾಲ್ಟೊ ಮಾರ್ಕೆಟ್ ಹಿಂದಿನ ಓಣೀಲಿ, ಬೆಳಿಗ್ಗೆ ಹನ್ನೊಂದೂವರೆಗೆ. ಆ ಕಡೆಯೇ ಇರೋ ದೊ ಮೋರಿ 1462ರಿಂದ ಇದೆ ಅಂತ ಹೇಳ್ಕೊಳ್ಳುತ್ತೆ, ತಾಮ್ರದ ಪಾತ್ರೆಗಳು ಸೂರಿಂದ ನೇತಾಡ್ತಿರ್ತವೆ, ಕುರ್ಚಿ ಟೇಬಲ್ ಅನ್ನೋ ವ್ಯವಹಾರನೇ ಇಲ್ಲ. ನಾವು ನಿಂತಿದ್ದ ಕಡೆ ಪಕ್ಕದಲ್ಲಿ ಮಾರ್ಕೆಟ್‌ನಿಂದ ನೇರ ಬಂದಿದ್ದ ಒಬ್ಬ ಅಜ್ಜ, ತರಕಾರಿ ಚೀಲ ಕಾಲ ಹತ್ರ ಇಟ್ಟು, ಎರಡು ಚಿಕೆಟ್ಟಿ ತಗೊಂಡು, ಕೌಂಟರಿನೋನ ಜೊತೆ ನಾಲ್ಕು ಮಾತಾಡಿ, ಚಿಲ್ಲರೆ ಇಟ್ಟು ಹೋಗ್ಬಿಟ್ರು, ಎಲ್ಲಾ ಸೇರಿ ಹತ್ತು ನಿಮಿಷ ಆಗಿರ್ಬಹುದು. ನಾವೂ ಹಾಗೇ ಮಾಡಿದ್ವಿ. ನನ್ನ ಗಂಡ ಬಕಲಾ ಮಾಂತೆಕಾತೊ ತಿಂದ್ರು, ಒಣಗಿಸಿದ ಕಾಡ್ ಮೀನನ್ನ ಬೇಯಿಸಿ ಎಣ್ಣೆ ಹಾಕ್ತಾ ಬೆಣ್ಣೆ ಥರ ಆಗೋವರೆಗೂ ಕಡೆದು ಪೊಲೆಂಟಾ ಅನ್ನೋ ಜೋಳದ ಹಿಟ್ಟಿನ ಮುದ್ದೆ ತುಂಡಿನ ಮೇಲೆ ಇಟ್ಟಿರ್ತಾರೆ. ಆಮೇಲೆ ಸಾರ್ದೆ ಇನ್ ಸಾವೊರ್, ಬೂತಾಯಿ ಜಾತಿ ಮೀನು ಕರಿದು ಈರುಳ್ಳಿ ವಿನೆಗರ್ ಒಣದ್ರಾಕ್ಷಿ ಪೈನ್ ಬೀಜದಲ್ಲಿ ನೆನೆಸಿದ್ದು, ಹಡಗಿನೋರು ಕೆಡದಂತೆ ಇಟ್ಕೊಳ್ಳೋಕೆ ಮಾಡ್ತಿದ್ದ ಅಡುಗೆಯಂತೆ. ನಾನು ತಿಂದಿದ್ದು ಫೋಂದಿ ದಿ ಕಾರ್ಚೋಫೊ, ಆರ್ಟಿಚೋಕ್ ಹೂವಿನ ತಳಭಾಗ ಮಾತ್ರ ಕತ್ತರಿಸಿ ಬೆಳ್ಳುಳ್ಳಿ ಪಾರ್ಸ್ಲಿ ಎಣ್ಣೇಲಿ ಮೆತ್ತಗೆ ಬೇಯಿಸಿದ್ದು. ಅಂಗೈ ಅಗಲದ ಬಿಲ್ಲೆ, ಫೋರ್ಕ್ ಇಟ್ರೆ ಇಳಿಯುತ್ತೆ, ಎಣ್ಣೆ ಬೆಳ್ಳುಳ್ಳಿ ಎಲ್ಲಾ ಒಳಗೆ ಹೀರ್ಕೊಂಡಿರುತ್ತೆ. ಆರು ದಿನದಲ್ಲಿ ಅದನ್ನ ಎಷ್ಟು ಸಲ ತಿಂದೆ ಅಂತ ಲೆಕ್ಕ ಇಟ್ಟಿಲ್ಲ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಜಾಗ್ರತೆಯಾಗಿರ್ಬೇಕು, ಯಾಕಂದ್ರೆ ನೋಡೋಕೆ ತರಕಾರಿ ಥರ ಇರೋ ಎಷ್ಟೋದ್ರಲ್ಲಿ ಆಂಚೊವಿ ಅನ್ನೋ ಸಣ್ಣ ಮೀನು ಅಡಗಿರುತ್ತೆ. ಮೊಟ್ಟೆ ತಿನ್ನೋರಿಗೆ ಅರ್ಧ ಮೊಟ್ಟೆ ಚೆನ್ನಾಗಿದೆ ಅನ್ನಿಸ್ಬಹುದು, ಅದರ ಮೇಲೆ ಸುತ್ತಿಟ್ಟಿರೋದು ಆಂಚೊವಿ. ಮೊಜರೆಲ್ಲಾ ಇನ್ ಕರೋತ್ಸಾ ಅಂತ ಚೀಸ್ ಬೋಂಡಾ ಥರದ್ದು ಇರುತ್ತೆ, ವೆನಿಸ್‌ನಲ್ಲಿ ಅದರೊಳಗೆ ಆಂಚೊವಿ ಇಲ್ಲಾ ಹ್ಯಾಮ್ ಇಡೋ ರೂಢಿ ಇದೆ. ಬೀಗೊಲಿ ಇನ್ ಸಾಲ್ಸಾ ಅಂತ ದಪ್ಪ ಶಾವಿಗೆ ಥರದ ಪಾಸ್ತಾ, ನೋಡಿದ್ರೆ ಬರೀ ಈರುಳ್ಳಿ, ಆದ್ರೆ ಅದರ ಸಾಸೇ ಈರುಳ್ಳಿ ಜೊತೆ ಕರಗಿದ ಆಂಚೊವಿ. ಆದ್ರಿಂದ ಬರೀ ವೆಜಿಟೇರಿಯನ್ ಅಂದ್ರೆ ಸಾಕಾಗಲ್ಲ, ನಾನು ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಅಚ್ಚುಗೆ ಅಂತ ಮೂರನ್ನೂ ಬಿಡಿಸಿ ಹೇಳ್ತಿದ್ದೆ, ಮಾಂಸ ಬೇಡ, ಮೀನು ಬೇಡ, ಆಂಚೊವಿ ಬೇಡ ಅಂತ. ಹಾಗೆ ಹೇಳಿದ್ಮೇಲೆ ಒಂದು ಕಡೇನೂ ಎಡವಟ್ಟಾಗ್ಲಿಲ್ಲ, ಒಬ್ರಂತೂ ಕೌಂಟರ್ ದಾಟಿ ಈಚೆ ಬಂದು ಪೆಟ್ಟಿಗೇಲಿರೋದನ್ನೆಲ್ಲ ಒಂದೊಂದಾಗಿ ಇದು ಆಗುತ್ತೆ ಇದು ಆಗಲ್ಲ ಅಂತ ತೋರಿಸ್ಕೊಟ್ರು.

ಜಾಗ ಹುಡುಕೋದು ಹೇಗೆ ಅಂದ್ರೆ, ಗೋಡೆ ಮೇಲೆ ಹಳದಿ ಬೋರ್ಡ್‌ಗಳು ಇರ್ತವೆ, ಪೆರ್ ರಿಯಾಲ್ಟೊ, ಪೆರ್ ಸ್ಯಾನ್ ಮಾರ್ಕೊ ಅಂತ ಬಾಣದ ಗುರುತು ಹಾಕಿ. ಹಗಲು ಹೊತ್ತು ಪ್ರವಾಸಿಗಳ ನದಿ ಹರಿಯೋದೇ ಆ ದಾರೀಲಿ, ಬಾಡಿಗೆ ಜಾಸ್ತಿ ಇರೋದೂ ಅಲ್ಲೇ. ನಾನು ಊಟದ ಹೊತ್ತಿಗೆ ಆ ದಾರಿ ಬಿಟ್ಟು ಎರಡು ಸೇತುವೆ ಆಚೆ ಹೋಗ್ತಿದ್ದೆ. ಹಳೇ ವೆನಿಸ್‌ನಲ್ಲಿ ಈಗ ವಾಸ ಇರೋರು 50,000ಕ್ಕಿಂತ ಕಮ್ಮಿ, 1950ರ ದಶಕದ ಶುರುವಲ್ಲಿ 1,70,000ಕ್ಕೂ ಮೇಲಿದ್ರು. ಹಾಗಾಗಿ ಊರಿನೋರಿಗೋಸ್ಕರ ನಡೆಯೋ ಅಂಗಡಿ ಎಲ್ಲಾ ಕಡೆ ಉಳಿದಿಲ್ಲ, ಊರಿನೋರು ಇನ್ನೂ ಇರೋ ಕಡೆ ಮಾತ್ರ ಉಳಿದಿವೆ. ಕನ್ನರೇಜೊ ಭಾಗದಲ್ಲಿ ಓರ್ಮೆಸೀನಿ, ಮಿಸೆರಿಕೋರ್ದಿಯಾ ಅನ್ನೋ ಕಾಲುವೆ ದಂಡೆಗಳು, ಕಸ್ತೆಲ್ಲೊದಲ್ಲಿ ವಿಯಾ ಗರಿಬಾಲ್ಡಿ, ಇದು ಕಾಲುವೆ ಮುಚ್ಚಿ ಮಾಡಿದ ರಸ್ತೆ ಆದ್ರಿಂದ ವೆನಿಸ್‌ಗೆ ಅಪರೂಪ ಅನ್ನೋಷ್ಟು ಅಗಲ, ಮಕ್ಕಳು ಆಟ ಆಡ್ಕೊಂಡು ಓಡಾಡ್ತಿರ್ತಾರೆ, ಇನ್ನೊಂದು ದೊರ್ಸೊದೂರೊದ ಕಾಂಪೊ ಸಾಂತಾ ಮಾರ್ಗೆರೀತಾ, ಕಾಂಪೊ ಅಂದ್ರೆ ಚೌಕ, ಅಲ್ಲಿ ಕಾ ಫೋಸ್ಕರಿ ಯೂನಿವರ್ಸಿಟಿ ಹುಡುಗ್ರು ತುಂಬಿರ್ತಾರೆ, ಹುಡುಗ್ರು ತಿನ್ನೋ ಕಡೆ ರೇಟು ಹಿಡಿತದಲ್ಲಿರುತ್ತೆ. ನಮ್ಮ ದುಡ್ಡು ಉಳ್ಸಿದ್ದು ಈ ಮೂರು ಕಡೆ.

ಟೈಮೂ ನೋಡ್ಬೇಕು. ಮಧ್ಯಾಹ್ನ ಎರಡೂವರೆ ಆಸುಪಾಸು ಅಡುಗೆಮನೆ ಮುಚ್ಚಿ ಮತ್ತೆ ಸಂಜೆ ಏಳಕ್ಕೆ ತೆಗೆಯೋ ಜಾಗ, ವಾರಕ್ಕೊಂದು ದಿನ ರಜೆ ಹಾಕೋ ಜಾಗ, ಮೆನು ಕೈಬರಹದಲ್ಲಿದ್ದು ಚಿಕ್ಕದಾಗಿರೋ ಜಾಗ, ಇವನ್ನ ನಂಬ್ದೆ. ಹನ್ನೊಂದರಿಂದ ರಾತ್ರಿ ಹನ್ನೊಂದರವರೆಗೂ ಬಿಡುವಿಲ್ಲದೆ ಊಟ ಬಡಿಸೋ ಕಡೆ ಹೋಗ್ಲಿಲ್ಲ, ಅದು ಹಸಿವಾದ ಪ್ರವಾಸಿಗಳಿಗೆ ಅಂತಲೇ ಇರೋದು. ಕೂತು ಊಟ ಮಾಡ್ಲೇಬೇಕು ಅನ್ನಿಸಿದ ದಿನ ಮಧ್ಯಾಹ್ನವೇ ಮಾಡಿದ್ವಿ, ಕೆಲಸಗಾರರು ಹೋಗೋ ಕಡೆ ಪ್ರಾಂಜೊ ದಿ ಲವೋರೊ ಅಂತ ಬರ್ದಿರುತ್ತೆ, ಒಂದು ಪಾಸ್ತಾ, ಒಂದು ಪಲ್ಯದ ಥರದ್ದು, ನೀರು ಎಲ್ಲಾ ಸೇರಿ ಒಂದೇ ರೇಟು, ಕೊಪೆರ್ತೊನೂ ಅದ್ರಲ್ಲೇ. ನಾವು ತಲೆಗೆ 15 ಯೂರೋ ಕೊಟ್ವಿ, ಪಕ್ಕದ ಟೇಬಲಲ್ಲಿ ದೋಣಿ ಸಾಮಾನು ಇಳಿಸೋ ನಾಲ್ಕು ಜನ ಕೈ ತೊಳ್ಕೊಂಡು ಬಂದು ಕೂತಿದ್ರು. ಮೆನು ತುರಿಸ್ತಿಕೊ ಅಂತ ಬೋರ್ಡ್ ಇದ್ರೆ ಅದು ಪ್ರವಾಸಿಗಳಿಗೆ ಅಂತ ಮಾಡೋ ಸೆಟ್ ಊಟ, ಅದು ಬೇರೆ, ಇದರ ಜೊತೆ ಸೇರಿಸ್ಕೋಬೇಡಿ.

ಫೋನಲ್ಲಿ ರಿವ್ಯೂ ನೋಡೋದೂ ಒಂದು ಕಲೆ. ನಾನು ಸ್ಟಾರ್ ನೋಡ್ತಿರ್ಲಿಲ್ಲ, ಹೊಸದು ಮೊದ್ಲು ಬರೋ ಹಾಗೆ ಹಾಕ್ಕೊಂಡು ಇಟಾಲಿಯನ್‌ನಲ್ಲಿ ಬರ್ದಿರೋದನ್ನ ಮಾತ್ರ ಅನುವಾದ ಮಾಡಿ ಓದ್ತಿದ್ದೆ, ಆಮೇಲೆ ಜನ ಹಾಕಿರೋ ಬಿಲ್ ಫೋಟೋ ಹುಡುಕ್ತಿದ್ದೆ. ಒಂದೇ ಒಂದು ಬಿಲ್ ಫೋಟೋ ಇದ್ರೆ ಸಾಕು, ಕೊಪೆರ್ತೊ ಎಷ್ಟು, ನೀರಿಗೆಷ್ಟು, ಸೆರ್ವಿತ್ಸಿಯೊ ಇದೆಯೋ ಇಲ್ವೋ ಎಲ್ಲಾ ಅದ್ರಲ್ಲೇ ಗೊತ್ತಾಗುತ್ತೆ.

ಮೀನು ತಿನ್ನೋರಿಗೆ ಮೂರು ಮಾತು. ಮೆನುವಲ್ಲಿ ಮೀನಿನ ಮುಂದೆ 8 ಯೂರೋ ಅಂತ ಕಂಡು ಖುಷಿ ಪಡ್ಬೇಡಿ, ಪಕ್ಕದಲ್ಲಿ ಎತ್ತೊ ಅಂತ ಇದ್ಯಾ ನೋಡಿ, ಎತ್ತೊ ಅಂದ್ರೆ 100 ಗ್ರಾಂ, ಇಡೀ ಮೀನು 600 ಗ್ರಾಂ ತೂಗಿದ್ರೆ 48 ಯೂರೋ. ತೂಕ ಹಾಕಿ ಒಟ್ಟು ಎಷ್ಟಾಗುತ್ತೆ ಹೇಳಿ ಅಂತ ಬೇಯಿಸೋಕೆ ಮುಂಚೆನೇ ಕೇಳ್ಬೇಕು. ಎರಡನೇದು, ಹೆಸರಿನ ಪಕ್ಕ ನಕ್ಷತ್ರದ ಗುರುತು ಇದ್ರೆ ಅದು ಫ್ರೋಜನ್ ಅಂತ ಅರ್ಥ. ಮೂರನೇದು, ರಿಯಾಲ್ಟೊ ಮೀನು ಮಾರ್ಕೆಟ್ ಭಾನುವಾರ ಸೋಮವಾರ ಇರಲ್ಲ, ತಾಜಾ ಮೀನಿನ ಆಸೆ ಇದ್ರೆ ಆ ಎರಡು ದಿನ ಬಿಟ್ಟು ಹೋಗಿ. 2018ರಲ್ಲಿ ನಾಲ್ಕು ಜನ ಜಪಾನಿ ವಿದ್ಯಾರ್ಥಿಗಳಿಗೆ ನಾಲ್ಕು ಸ್ಟೀಕ್, ಒಂದು ಪ್ಲೇಟ್ ಕರಿದ ಮೀನು, ನೀರು ಅಷ್ಟಕ್ಕೆ 1,100 ಯೂರೋ ಮೇಲೆ ಬಿಲ್ ಹಾಕಿದ್ದು ಪ್ರಪಂಚಕ್ಕೆಲ್ಲ ಸುದ್ದಿಯಾಗಿತ್ತು, ಆ ಹುಡುಗರ ಬಗ್ಗೆ ಓದಿದಾಗ ನಂಗೆ ನಿಜವಾಗ್ಲೂ ಸಂಕಟ ಆಗಿತ್ತು. ಕೇಳೋಕೆ ಸಂಕೋಚ ಪಟ್ಕೋಬೇಡಿ ಅಂತ ಅದಕ್ಕೇ ಒತ್ತಿ ಹೇಳ್ತಿದೀನಿ.

ಸಣ್ಣಪುಟ್ಟದ್ದು ಇನ್ನೊಂದಿಷ್ಟು. ನೀರಿನ ಬಾಟಲಿ ದುಡ್ಡು ಕೊಟ್ಟು ತಗೋಬೇಡಿ, ಎಷ್ಟೋ ಕಾಂಪೊಗಳಲ್ಲಿ ಕುಡಿಯೋ ನೀರಿನ ನಲ್ಲಿ ಇದೆ, ಚೆನ್ನಾಗಿದೆ. ತ್ರಮೆಜ್ಜೀನೊ ಅನ್ನೋ ತ್ರಿಕೋನದ ಮೆತ್ತನೆ ಸ್ಯಾಂಡ್‌ವಿಚ್ ಎರಡು ಮೂರು ಯೂರೋ, ಎರಡು ತಿಂದ್ರೆ ಮಧ್ಯಾಹ್ನ ಕಳೀತು. ಕನ್ನರೇಜೊದಲ್ಲಿ ತೆಯಾತ್ರೊ ಇತಾಲಿಯಾ ಅನ್ನೋ ಹಳೇ ಥಿಯೇಟರ್ ಒಳಗೇ ಸೂಪರ್‌ಮಾರ್ಕೆಟ್ ಮಾಡಿದಾರೆ, ಚಿತ್ರ ಬಿಡಿಸಿದ ಚಾವಣಿ ಕೆಳಗೆ ಮೊಸರು ಹಣ್ಣು ಕೊಂಡ್ಕೊಳ್ಳೋದೇ ಒಂದು ಚೆಂದ. ಆದ್ರೆ ಕೊಂಡಿದ್ದನ್ನ ಸ್ಯಾನ್ ಮಾರ್ಕೊ ಮೆಟ್ಟಿಲ ಮೇಲೆ ಕೂತು ತಿನ್ನೋಕೆ ಹೋಗ್ಬೇಡಿ, ದಂಡ ಹಾಕ್ತಾರೆ, ಬೆಂಚ್ ಇರೋ ಕಡೆ ಹೋಗಿ. ಅಗ್ಗದ ಊಟ ಹುಡುಕ್ಕೊಂಡು ದೋಣಿ ಹತ್ತೋದೂ ಲೆಕ್ಕಕ್ಕೆ ಬರಲ್ಲ, ವಾಪೊರೆಟ್ಟೊ ಅನ್ನೋ ಸಾರ್ವಜನಿಕ ದೋಣಿ ಟಿಕೆಟ್ 75 ನಿಮಿಷಕ್ಕೆ 9.50 ಯೂರೋ, ಹೋಗಿ ಬರೋಷ್ಟರಲ್ಲಿ ಒಂದು ಊಟದ ದುಡ್ಡು. ದೊಡ್ಡ ಕಾಲುವೆ ದಾಟೋಕೆ ಮಾತ್ರ ಆದ್ರೆ ತ್ರಗೆತ್ತೊ ಅನ್ನೋ ಗೊಂಡೋಲಾದಲ್ಲಿ 2 ಯೂರೋಗೆ ದಾಟಿಸ್ತಾರೆ.

ಕೊನೇ ಸಂಜೆ ದೊರ್ಸೊದೂರೊದಲ್ಲಿ ಸ್ಯಾನ್ ತ್ರೊವಾಜೊ ಕಾಲುವೆ ಪಕ್ಕದ ಕಾಂತಿನೋನೆ ಅನ್ನೋ ಬಾಕರೊಗೆ ಹೋದ್ವಿ. ಒಳಗೆ ಬಾಟಲಿಗಳ ಗೋಡೆ, ಜಾಗ ಇರ್ಲಿಲ್ಲ, ಎಲ್ರೂ ಪ್ಲೇಟ್ ಹಿಡ್ಕೊಂಡು ಆಚೆ ದಂಡೆ ಹತ್ರ ನಿಂತಿದ್ರು. ಒಂದು ಸ್ಪ್ರಿಟ್ಜ್ ಅನ್ನೋ ವೈನ್ ಸೋಡಾ ಬೆರೆಸಿದ ಪಾನೀಯ, ಒಂದು ಗ್ಲಾಸ್ ವೈನ್, ಆರು ಚಿಕೆಟ್ಟಿ ತಗೊಂಡ್ವಿ, ಇಬ್ರಿಗೂ ಸೇರಿ 20 ಯೂರೋ ದಾಟ್ಲಿಲ್ಲ, ಬಿಲ್‌ನಲ್ಲಿ ತಿಂದಿದ್ದು ಕುಡಿದಿದ್ದು ಬಿಟ್ರೆ ಬೇರೆ ಸಾಲೇ ಇರ್ಲಿಲ್ಲ. ಎದುರುಗಡೆ ದಂಡೇಲಿ ಗೊಂಡೋಲಾ ರಿಪೇರಿ ಮಾಡೋ ಸ್ಕ್ವೇರೊ, ಮರದ ಮನೆ, ಕಪ್ಪು ದೋಣಿಗಳನ್ನ ಬೋರಲು ಹಾಕಿ ಇಟ್ಟಿದ್ರು. ನಿಂತು ನಿಂತು ಕಾಲು ನೋವು ಬರ್ತಿತ್ತು, ಆದ್ರೂ ಇನ್ನೊಂದು ಪ್ಲೇಟ್ ತರ್ತೀನಿ ಅಂತ ನನ್ನ ಗಂಡ ಮತ್ತೆ ಒಳಗೆ ಹೋದ್ರು.