ಹಳೆಯ ಪಿಕಪ್‌ ತೊಟ್ಟಿಯ ಅಡಿಯಲ್ಲಿ ಸ್ಟೆಪ್ನಿ ಕ್ಯಾರಿಯರ್ ಕೂರಿಸುವ ಬಗೆ

ಸ್ಟೆಪ್ನಿಯನ್ನು ತೊಟ್ಟಿಯಲ್ಲೇ ಇಟ್ಟುಕೊಂಡರೆ, ಟೊಮೆಟೊ ಕ್ರೇಟುಗಳನ್ನು ಪೇರಿಸಿಕೊಂಡು ಹೊರಟಾಗ ಪಂಕ್ಚರ್ ಆದಲ್ಲಿ ಅರ್ಧ ಸರಕನ್ನು ರಸ್ತೆಬದಿಯಲ್ಲಿ ಇಳಿಸಬೇಕಾಗುತ್ತದೆ. ಚೈನಿನಿಂದ ಏರಿಳಿಸುವ ವಿಂಚ್ ಮಾದರಿಯ ಕ್ಯಾರಿಯರ್ ಇದಕ್ಕೆ ಸೂಕ್ತ ಪರಿಹಾರ.

ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಡಿ; ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಎಂದೂ ನುಸುಳಬೇಡಿ. ಹಿಂದಿನ ಆಕ್ಸಲ್‌ನ ಆಚೆ, ಚಾಸಿಯ ಎರಡು ಉದ್ದಪಟ್ಟಿಗಳ ನಡುವೆ ಸ್ಟೆಪ್ನಿಯನ್ನು ಎತ್ತಿ ಹಿಡಿದು ನೋಡಿ. ತುಂಬು ಭಾರಕ್ಕೆ ಪಟ್ಟಾಗಳು (ಆಕ್ಸಲ್ ಮೇಲಿನ ಸ್ಪ್ರಿಂಗ್ ಪಟ್ಟಿಗಳು) ಕುಗ್ಗಿದಾಗಲೂ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಉಬ್ಬಿದ ಗೇರ್ ಪೆಟ್ಟಿಗೆ) ಸ್ಟೆಪ್ನಿಗೆ ತಾಗಬಾರದು, ಸೈಲೆನ್ಸರ್ ಪೈಪಿನ ಬಿಸಿಯೂ ತಟ್ಟಬಾರದು. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಅಳತೆಗೇ.

ಕ್ಯಾರಿಯರ್ ಹೊರುವ ಅಡ್ಡಪಟ್ಟಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ; ಠಣ್ಣೆನ್ನದೆ ಮಂದವಾಗಿ ಸದ್ದು ಮಾಡಿ, ತುಕ್ಕು ಹಪ್ಪಳದಂತೆ ಏಳುತ್ತಿದ್ದರೆ ಆ ಜಾಗಕ್ಕೆ ಭಾರ ಹಾಕಬೇಡಿ. ಬ್ರೇಕ್ ಪೈಪ್ ಮತ್ತು ವೈರುಗಳು ಹಿಂದೆ ಇಲ್ಲವೆಂದು ಖಚಿತಪಡಿಸಿಕೊಂಡೇ ತೂತು ಕೊರೆದು, ಅಂಚಿಗೆ ಪ್ರೈಮರ್ ಹಚ್ಚಿ, 8.8 ದರ್ಜೆಯ (ಹೆಚ್ಚು ಬಲದ ಉಕ್ಕಿನ) ಬೋಲ್ಟು, ಅಗಲವಾದ ವಾಷರ್ ಮತ್ತು ನೈಲಾಕ್ ನಟ್ಟಿನಿಂದ (ಅದುರಿದರೂ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು) ಬಿಗಿಯಿರಿ. ವೆಲ್ಡಿಂಗ್ ಬೇಡ, ಅದರ ಶಾಖಕ್ಕೆ ಚಾಸಿ ಉಕ್ಕು ದುರ್ಬಲವಾಗುತ್ತದೆ.

ಚೈನಿಗೆ ಗ್ರೀಸ್ ಹಚ್ಚಿ, ಸ್ಟೆಪ್ನಿ ಕೈಯಿಂದ ಅಲುಗಾಡದಷ್ಟು ಮೇಲಕ್ಕೆಳೆದು, ಮೊದಲ ಲೋಡಿನ ಓಡಾಟದ ನಂತರ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ.